ಕಣ್ಣು ಓದುವಾಗ ಕೇಳಿಸುವ ಒಳದನಿ

ಗ್ರಂಥವೊಂದನ್ನು ಕೈಗೆತ್ತಿಕೊಂಡು ತುಟಿ ಅಲುಗಿಸದೆ ಓದುತ್ತಿರುವವರನ್ನು ಹೊರಗಿನಿಂದ ನೋಡಿದರೆ ನಮಗೆ ಕಾಣುವುದು ಮೌನ ಮಾತ್ರ. ಆದರೆ ಅವರ ಒಳಗೆ ಏನು ನಡೆಯುತ್ತಿದೆ? ಕೆಲವರಿಗೆ ಪ್ರತಿಯೊಂದು ಪದವೂ ದನಿಯಾಗಿ ಒಳಗಿವಿಗೆ ಕೇಳಿಸುತ್ತದೆ. ಅದು ಒಮ್ಮೆ ತಮ್ಮದೇ ದನಿ, ಇನ್ನೊಮ್ಮೆ ಅಕ್ಷರ ಕಲಿಸಿದ ಉಸ್ತಾದರ ದನಿ. ಕೆಲವರು ಹಿಜ್ರಾದ ಚರಿತ್ರೆಯನ್ನು ಓದತೊಡಗಿದರೆ ಸೌರ್ ಗುಹೆ, ಮರಳ ಹಾದಿ, ಒಂಟೆಗಳ ನೆರಳು ಎಲ್ಲವೂ ಕಣ್ಣ ಮುಂದೆ ಸಾಗುತ್ತವೆ. ಇನ್ನು ಕೆಲವರಿಗೆ ದನಿಯೂ ಇಲ್ಲ, ಚಿತ್ರವೂ ಇಲ್ಲ. ಓದಿದ್ದರ ಅರ್ಥ ನೇರವಾಗಿ ಮನಸ್ಸಿಗೆ ಇಳಿಯುತ್ತದೆ.

ಈ ಮೂರು ಬಗೆಯವರೂ ಒಂದೇ ಮನೆಯಲ್ಲಿ, ಒಂದೇ ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತಿರಬಹುದು. ಆದರೂ ತನ್ನ ಒಳಗೆ ನಡೆಯುವುದೇ ಎಲ್ಲರ ಒಳಗೂ ನಡೆಯುತ್ತದೆ ಎಂದು ಪ್ರತಿಯೊಬ್ಬರೂ ನಂಬಿರುತ್ತಾರೆ. ಆ ನಂಬಿಕೆಯಿಂದಲೇ ಕೆಲವು ಸಂಕಟಗಳು ಹುಟ್ಟುತ್ತವೆ. “ಕಣ್ಣು ಮುಚ್ಚಿ ಕಅಬಾವನ್ನು ಮುಂದೆ ತಂದುಕೊಳ್ಳಿ, ಆಗ ನಮಾಝ್‌ನಲ್ಲಿ ಮನಸ್ಸು ನಿಲ್ಲುತ್ತದೆ” ಎಂಬ ಹಿತವಚನವನ್ನು ಕೇಳಿ, ಎಷ್ಟು ಪ್ರಯತ್ನಿಸಿದರೂ ಕತ್ತಲನ್ನಷ್ಟೇ ಕಾಣುವ ವ್ಯಕ್ತಿ ತನ್ನ ಈಮಾನ್‌ನಲ್ಲೇ ಕೊರತೆಯಿದೆಯೆಂದು ಕೊರಗುತ್ತಾನೆ. ತುಟಿ ಅಲುಗಿಸದೆ ಓದಲಾರದ ಮಗುವನ್ನು ಮಂದಬುದ್ಧಿಯೆಂದು ಹಿರಿಯರು ಗದರುತ್ತಾರೆ. ಆದುದರಿಂದ ಓದಿನ ಒಳದನಿ ಮತ್ತು ಒಳನೋಟಗಳ ಚರಿತ್ರೆಯನ್ನು ಅರಿಯುವುದು ಬರಿಯ ಕುತೂಹಲದ ಮಾತಲ್ಲ. ನಮ್ಮ ಪೂರ್ವಿಕ ವಿದ್ವಾಂಸರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರು, ಆಧುನಿಕ ಮನಶ್ಶಾಸ್ತ್ರವು ಬಳಿಕ ಏನನ್ನು ಕಂಡುಕೊಂಡಿತು ಎಂಬುದನ್ನು ಜೊತೆಯಾಗಿಟ್ಟು ನೋಡಿದರೆ ಈ ಕೊರಗಿಗೂ ಗದರಿಕೆಗೂ ಆಧಾರವಿಲ್ಲವೆಂಬುದು ತಿಳಿಯುತ್ತದೆ.

ಓದು ಎಂದರೆ ನಾಲಿಗೆ ಮತ್ತು ಕಿವಿ

ಹಿರಾ ಗುಹೆಯಲ್ಲಿ ಅವತೀರ್ಣವಾದ ಮೊದಲ ಆಜ್ಞೆ ‘ಇಕ್‌ರಅ್’. ಇದನ್ನು ನಾವು ‘ಓದು’ ಎಂದು ಅನುವಾದಿಸುತ್ತೇವೆ. ಆದರೆ ಪ್ರವಾದಿ ಮುಹಮ್ಮದ್(ಸ) ಅವರು ಅಕ್ಷರಾಭ್ಯಾಸ ಪಡೆದವರಾಗಿರಲಿಲ್ಲ. ಅರಬಿಯ ಆ ಕ್ರಿಯಾಪದದಲ್ಲಿ ಓದುವುದು ಮತ್ತು ದನಿಯೆತ್ತಿ ಪಠಿಸುವುದು ಎರಡೂ ಸೇರಿವೆ. ‘ಕುರ್‌ಆನ್’ ಎಂಬ ಹೆಸರನ್ನು ವಿದ್ವಾಂಸರಲ್ಲಿ ಅನೇಕರು ಇದೇ ಧಾತುವಿನಿಂದ ಬಂದುದೆಂದು ವಿವರಿಸಿದ್ದಾರೆ. ಆ ವಚನವು ಪ್ರವಾದಿಯವರಿಗೆ(ಸ) ತಲುಪಿದ್ದು ಕಿವಿಯ ಮೂಲಕ, ಅವರಿಂದ ಅನುಚರರಿಗೆ ತಲುಪಿದ್ದು ನಾಲಿಗೆಯ ಮೂಲಕ. ಪ್ರತಿ ರಮಝಾನ್‌ನಲ್ಲಿ ಜಿಬ್ರೀಲ್(ಅ) ಅವರೊಂದಿಗೆ ಪ್ರವಾದಿಯವರು(ಸ) ಅದನ್ನು ಪುನರಾವರ್ತಿಸುತ್ತಿದ್ದರು. ಕೊನೆಯ ವರ್ಷ ಎರಡು ಬಾರಿ ಪುನರಾವರ್ತಿಸಿದರು. ಸ್ವತಃ ತಮ್ಮ ಮೇಲೆ ಅವತೀರ್ಣವಾದ ವಚನವನ್ನು ಅಬ್ದುಲ್ಲಾಹ್ ಬಿನ್ ಮಸ್ಊದ್(ರ) ಅವರ ಬಾಯಿಯಿಂದ ಕೇಳಲು ಪ್ರವಾದಿಯವರು(ಸ) ಬಯಸಿದ್ದರೆಂದೂ, ಕೇಳುತ್ತಾ ಅವರ ಕಣ್ಣುಗಳು ತುಂಬಿ ಹರಿದವೆಂದೂ ಬುಖಾರಿಯಲ್ಲಿ ವರದಿಯಾಗಿದೆ.

ಯಮಾಮದ ಯುದ್ಧದಲ್ಲಿ ಕುರ್‌ಆನನ್ನು ಕಂಠಸ್ಥ ಮಾಡಿದ್ದ ಅನೇಕರು ಹುತಾತ್ಮರಾದಾಗ ಉಮರ್(ರ) ಅವರು ಆತಂಕಗೊಂಡು ಗ್ರಂಥ ಸಂಕಲನಕ್ಕೆ ಸಲಹೆ ನೀಡಿದ್ದು ಪ್ರಸಿದ್ಧ. ಗ್ರಂಥವು ಅಲ್ಲಿ ಕಂಠದ ನೆರವಿಗೆ ಬಂತು, ಕಂಠದ ಸ್ಥಾನವನ್ನು ಕಿತ್ತುಕೊಳ್ಳಲಿಲ್ಲ. ಅಂದಿನ ಅರಬಿ ಲಿಪಿಯಲ್ಲಿ ಸ್ವರಚಿಹ್ನೆಗಳಿರಲಿಲ್ಲ. ಅಕ್ಷರಗಳನ್ನು ಬೇರ್ಪಡಿಸುವ ಚುಕ್ಕೆಗಳೂ ಬಹುಪಾಲು ಇರುತ್ತಿರಲಿಲ್ಲ. ಬಾ, ತಾ, ಸಾ ಎಂಬ ಮೂರು ಅಕ್ಷರಗಳು ಒಂದೇ ರೂಪದಲ್ಲಿ ಕಾಣಿಸುತ್ತಿದ್ದವು. ಮೊದಲೇ ಕೇಳಿ ಬಲ್ಲವನಿಗೆ ಆ ಬರಹವು ನೆನಪಿನ ಊರುಗೋಲಾಗಿತ್ತು. ಕೇಳದವನಿಗೆ ಅದು ಒಗಟಾಗಿತ್ತು. ಸ್ವರಗಳನ್ನು ಸೂಚಿಸಲು ಬಣ್ಣದ ಚುಕ್ಕೆಗಳನ್ನಿಡುವ ಪದ್ಧತಿಯನ್ನು ಅಬುಲ್ ಅಸ್ವದ್ ಅದ್ದುಅಲಿ ಅವರು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ಇಂದು ನಮ್ಮ ಮಕ್ಕಳು ಕಲಿಯುವ ಫತ್‌ಹ್, ಕಸ್ರ್, ಝಮ್ಮ್ ಚಿಹ್ನೆಗಳ ರೂಪವನ್ನು 8ನೇ ಶತಮಾನದ ಭಾಷಾ ವಿದ್ವಾಂಸ ಖಲೀಲ್ ಬಿನ್ ಅಹ್ಮದ್ ಅವರಿಗೆ ಸಲ್ಲಿಸಲಾಗುತ್ತದೆ. ಗುರುವಿನ ಬಾಯಿಯಿಂದ ಕೇಳದೆ ಪುಟದಿಂದಷ್ಟೇ ಕಲಿತವನು ಮಾಡುವ ತಪ್ಪೋದಿಗೆ ‘ತಸ್‌ಹೀಫ್’ ಎಂಬ ಪ್ರತ್ಯೇಕ ಪದವೇ ಇತ್ತು. ಪುಟ ಎಂಬರ್ಥದ ‘ಸಹೀಫಾ’ದಿಂದ ಹುಟ್ಟಿದ ಪದವದು.

ಇದು ಅರೇಬಿಯಾದ ವಿಶೇಷ ಮಾತ್ರವಾಗಿರಲಿಲ್ಲ. ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ಅಂತರವಿಲ್ಲದೆ ಬರೆಯುವ ರೂಢಿ ವ್ಯಾಪಕವಾಗಿತ್ತು. ದನಿಯೆತ್ತಿ ಓದಿದಾಗ ಅಲ್ಲಿ ಪದಗಳು ಬಿಡಿಬಿಡಿಯಾಗುತ್ತಿದ್ದವು. 4ನೇ ಶತಮಾನದ ಕೊನೆಯಲ್ಲಿ ಕ್ರೈಸ್ತ ಚಿಂತಕ ಆಗಸ್ಟೀನ್ ತನ್ನ ಆತ್ಮಕಥನದಲ್ಲಿ ಮಿಲಾನ್ ನಗರದ ಬಿಷಪ್ ಆ್ಯಂಬ್ರೋಸ್ ಓದುತ್ತಿದ್ದ ರೀತಿಯನ್ನು ವರ್ಣಿಸಿದ್ದಾನೆ. ಆತನ ಕಣ್ಣು ಪುಟದ ಮೇಲೆ ಚಲಿಸುತ್ತಿತ್ತು, ಮನಸ್ಸು ಅರ್ಥವನ್ನು ಅರಸುತ್ತಿತ್ತು, ಆದರೆ ದನಿಯೂ ನಾಲಿಗೆಯೂ ವಿಶ್ರಮಿಸಿದ್ದವು ಎಂಬುದು ಆ ವರ್ಣನೆಯ ಸಾರ. ದನಿ ಒಡೆಯದಿರಲೆಂದು ಹೀಗೆ ಓದುತ್ತಿರಬಹುದೇ ಎಂದು ಆಗಸ್ಟೀನ್ ಕಾರಣವನ್ನೂ ಹುಡುಕುತ್ತಾನೆ. ಆ ಕಾಲದಲ್ಲಿ ಯಾರೂ ಮೌನವಾಗಿ ಓದುತ್ತಿರಲಿಲ್ಲ ಎಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ಗ್ರೀಕರಲ್ಲೂ ಮೌನವಾಗಿ ಓದುವವರಿದ್ದರೆಂದು ಬರ್ನಾರ್ಡ್ ನಾಕ್ಸ್ ಎಂಬ ವಿದ್ವಾಂಸರು 1968ರಲ್ಲಿ ತೋರಿಸಿಕೊಟ್ಟಿದ್ದಾರೆ. ಆದರೂ ದನಿಯಿಲ್ಲದ ಓದಿಗೆ ಕಾರಣ ಹುಡುಕಬೇಕೆಂದು ಅಂದಿನ ವಿದ್ಯಾವಂತನೊಬ್ಬನಿಗೆ ಅನ್ನಿಸಿತು ಎಂಬುದೇ ಗಮನಾರ್ಹ.

ಮುಸ್ಲಿಮ್ ಜಗತ್ತಿನಲ್ಲಿ ಕಾಗದವು ಅಗ್ಗವಾಗಿ ಪುಸ್ತಕಗಳು ಹೆಚ್ಚಿದ ಬಳಿಕವೂ ದನಿಯ ಮಾನ್ಯತೆ ಕುಗ್ಗಲಿಲ್ಲ. ಮಧ್ಯಯುಗದ ದಮಾಸ್ಕಸ್‌ನಲ್ಲಿ ಹದೀಸ್ ಗ್ರಂಥವೊಂದನ್ನು ಸಭೆಯಲ್ಲಿ ಓದಿ ಮುಗಿಸಿದಾಗ ಪ್ರತಿಯ ಮೇಲೆ ‘ಸಮಾಅ್’ ಅಂದರೆ ಶ್ರವಣಪತ್ರವನ್ನು ಬರೆಯುತ್ತಿದ್ದರು. ಓದಿದವರು ಯಾರು, ಕೇಳಿದವರು ಯಾರು, ಯಾವ ದಿನ, ಯಾವ ಸ್ಥಳ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಕೇಳಿದವರ ಪಟ್ಟಿಯಲ್ಲಿ ಸ್ತ್ರೀಯರೂ ಮಕ್ಕಳೂ ಇದ್ದರು. ಪುಸ್ತಕವು ಕೈಯಲ್ಲಿರುವುದಕ್ಕಿಂತ ಅದು ಕಿವಿಯ ಮೂಲಕ ಹಾದುಬಂದಿದೆ ಎಂಬುದಕ್ಕೆ ಹೆಚ್ಚಿನ ಬೆಲೆಯಿತ್ತು.

ಮನಸ್ಸಿನಲ್ಲಿ ಓದಿದರೆ ಅದು ಓದಾಗುವುದೇ?

ಓದೆಂದರೆ ದನಿಯಾಗಿದ್ದ ಈ ಜಗತ್ತಿನಲ್ಲಿ ಒಂದು ಪ್ರಶ್ನೆ ಏಳಲೇಬೇಕಿತ್ತು. ತುಟಿ ಅಲುಗದೆ ಮನಸ್ಸಿನೊಳಗೇ ಓದಿಕೊಂಡರೆ ಅದನ್ನು ‘ಕಿರಾಅತ್’ ಎನ್ನಬಹುದೇ? ಈ ಪ್ರಶ್ನೆಯನ್ನು ಕರ್ಮಶಾಸ್ತ್ರಜ್ಞರು ಬಹಳ ಗಂಭೀರವಾಗಿ ಪರಿಶೀಲಿಸಿದರು. ಝುಹರ್ ಮತ್ತು ಅಸರ್ ನಮಾಝ್‌ಗಳಲ್ಲಿ ಪ್ರವಾದಿಯವರು(ಸ) ಮೆಲುದನಿಯಲ್ಲಿ ಓದುತ್ತಿದ್ದರು. ಅವರು ಓದುತ್ತಿದ್ದರೆಂಬುದು ನಿಮಗೆ ಹೇಗೆ ತಿಳಿಯುತ್ತಿತ್ತು ಎಂದು ಖಬ್ಬಾಬ್(ರ) ಅವರನ್ನು ಕೇಳಿದಾಗ, ಅವರ ಗಡ್ಡದ ಚಲನೆಯಿಂದ ಎಂಬ ಉತ್ತರ ಬಂತು. ಬುಖಾರಿಯಲ್ಲಿರುವ ಈ ಪುಟ್ಟ ವರದಿಯಿಂದ ಒಂದು ದೊಡ್ಡ ಸಂಗತಿ ತಿಳಿಯುತ್ತದೆ. ಹೊರಗಿನವರಿಗೆ ಕೇಳಿಸದ ಓದಿನಲ್ಲೂ ಬಾಯಿಗೆ ಕೆಲಸವಿತ್ತು.

ಎಷ್ಟು ಕೆಲಸ? ಇಲ್ಲಿ ಅಭಿಪ್ರಾಯಗಳು ಬೇರೆಯಾದವು. ಹನಫೀ ವಿದ್ವಾಂಸರಲ್ಲಿ ಇಮಾಮ್ ಕರ್ಖಿ(ರ) ಅವರು, ನಾಲಿಗೆಯಿಂದ ಅಕ್ಷರಗಳು ಸರಿಯಾಗಿ ರೂಪುಗೊಂಡರೆ ಸಾಕು ಎಂದರು. ಏಕೆಂದರೆ ಓದು ನಾಲಿಗೆಯ ಕ್ರಿಯೆ, ಕಿವಿಯದ್ದಲ್ಲ. ಅಬೂ ಜಅ್‌ಫರ್ ಹಿಂದುವಾನಿ(ರ) ಅವರು ಇದನ್ನು ಒಪ್ಪಲಿಲ್ಲ. ದನಿಯಿಲ್ಲದ ನಾಲಿಗೆಯ ಚಲನೆಗೆ ಓದೆಂಬ ಹೆಸರು ಸಲ್ಲದು. ಓದುವವನಿಗಾದರೂ ತನ್ನ ಓದು ಕೇಳಿಸಬೇಕು ಎಂದರು. 12ನೇ ಶತಮಾನದ ‘ಹಿದಾಯ’ ಗ್ರಂಥದಲ್ಲಿ ಈ ಎರಡೂ ಅಭಿಪ್ರಾಯಗಳು ದಾಖಲಾಗಿವೆ. ಶಾಫಿಈ ವಿದ್ವಾಂಸರು ತನಗೆ ಕೇಳಿಸಬೇಕೆಂಬ ನಿಲುವನ್ನೇ ತಾಳಿದರು. ಇಮಾಮ್ ನವವಿ(ರ) ಅವರು ‘ಅಲ್ ಅದ್‌ಕಾರ್’ ಗ್ರಂಥದಲ್ಲಿ, ನಿಗದಿಪಡಿಸಲಾದ ಝಿಕ್ರ್‌ಗಳನ್ನು ತನಗೆ ಕೇಳಿಸುವಂತೆ ಉಚ್ಚರಿಸಿದ ಹೊರತು ಅವು ಪರಿಗಣಿತವಾಗುವುದಿಲ್ಲ ಎನ್ನುತ್ತಾರೆ. ಆದರೆ ಅಲ್ಲೇ ಒಂದು ಷರತ್ತನ್ನೂ ಸೇರಿಸುತ್ತಾರೆ: ಕಿವಿ ಆರೋಗ್ಯವಾಗಿದ್ದರೆ, ಬೇರೆ ತಡೆ ಇಲ್ಲದಿದ್ದರೆ. ಕರಾವಳಿಯ ಶಾಫಿಈ ಮನೆಗಳಲ್ಲೂ ಒಳನಾಡಿನ ಹನಫೀ ಮನೆಗಳಲ್ಲೂ ಮಕ್ಕಳಿಗೆ “ಬಾಯಿ ಬಿಟ್ಟು ಓದು, ನಿನಗೆ ಕೇಳಿಸಬೇಕು” ಎಂದು ಹೇಳಿಕೊಡುವ ಮಾತಿನ ಹಿಂದೆ ಶತಮಾನಗಳ ಈ ಚರ್ಚೆಯಿದೆ.

ಇನ್ನೊಂದು ಪ್ರಶ್ನೆ ಇನ್ನೂ ಸ್ವಾರಸ್ಯಕರ. ಇಂಥವರ ಪತ್ರವನ್ನು ನಾನು ಓದುವುದಿಲ್ಲ ಎಂದು ಒಬ್ಬನು ಶಪಥ ಮಾಡುತ್ತಾನೆ. ಬಳಿಕ ಆ ಪತ್ರದ ಮೇಲೆ ಕಣ್ಣಾಡಿಸಿ, ತುಟಿ ಅಲುಗಿಸದೆ, ಅದರಲ್ಲಿರುವುದನ್ನೆಲ್ಲ ಅರ್ಥಮಾಡಿಕೊಳ್ಳುತ್ತಾನೆ. ಶಪಥ ಮುರಿಯಿತೇ? 805ರಲ್ಲಿ ನಿಧನರಾದ, ಇಮಾಮ್ ಅಬೂ ಹನೀಫಾ(ರ) ಅವರ ಶಿಷ್ಯ ಇಮಾಮ್ ಮುಹಮ್ಮದ್(ರ) ಅವರು ಮುರಿಯಿತು ಎಂದರು. ಪತ್ರದ ವಿಷಯದಲ್ಲಿ ಓದಿನ ಉದ್ದೇಶ ಅದರೊಳಗೇನಿದೆ ಎಂದು ತಿಳಿಯುವುದು. ಆ ಉದ್ದೇಶ ಈಡೇರಿದೆ. ಆದರೆ ನಮಾಝ್‌ನಲ್ಲಿ ನಿಂತವನ ಕಣ್ಣಿಗೆ ಮುಂದಿನ ಬರಹವೊಂದು ಬಿದ್ದು ಅದರ ಅರ್ಥ ತಿಳಿದುಬಿಟ್ಟರೆ, ಅಷ್ಟರಿಂದಲೇ ನಮಾಝ್ ಕೆಡುವುದಿಲ್ಲ ಎಂಬುದನ್ನೂ ‘ಹಿದಾಯ’ ಇದರ ಜೊತೆಗೇ ಹೇಳುತ್ತದೆ. ಮನಸ್ಸಿನ ಓದು ಒಂದು ಕಡೆ ಓದೇ ಆಗುತ್ತದೆ, ಇನ್ನೊಂದು ಕಡೆ ಕೃತಿಯೆಂದು ಎಣಿಕೆಯಾಗುವುದಿಲ್ಲ. ಕಣ್ಣಿನ ಓದು ಮತ್ತು ನಾಲಿಗೆಯ ಓದು ಎರಡು ಬೇರೆ ಸಂಗತಿಗಳೆಂಬುದನ್ನು ಆ ವಿದ್ವಾಂಸರು ಇಷ್ಟು ಸ್ಪಷ್ಟವಾಗಿ ಗುರುತಿಸಿದ್ದರು.

ಒಳಗೆ ಮಾತನಾಡುವ ಮನಸ್ಸು

ನಾಲಿಗೆ ಸುಮ್ಮನಿದ್ದಾಗಲೂ ಮನಸ್ಸು ಮಾತನಾಡುತ್ತದೆ ಎಂಬುದನ್ನು ಯಾರೂ ನಿರಾಕರಿಸಲಿಲ್ಲ. ‘ಅಲ್ ಮುಜಾದಲ’ ಅಧ್ಯಾಯದ 8ನೇ ಸೂಕ್ತದಲ್ಲಿ, ಕೆಲವರು ತಮ್ಮ ಮನಸ್ಸಿನೊಳಗೆ ‘ಹೇಳಿಕೊಳ್ಳುವ’ ವಿಚಾರದ ಪ್ರಸ್ತಾಪವಿದೆ. ಪ್ರವಾದಿಯವರ(ಸ) ನಿಧನಾನಂತರ ಸಖೀಫದ ಸಭೆಗೆ ಹೋಗುವಾಗ ಉಮರ್(ರ) ಅವರು ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಅಣಿಗೊಳಿಸಿಕೊಂಡಿದ್ದರು. ಅಬೂಬಕರ್(ರ) ಅವರು ಅದಕ್ಕಿಂತ ಉತ್ತಮವಾಗಿ ಮಾತನಾಡಿದರು ಎಂದು ಮುಂದೆ ಅವರೇ ಸ್ಮರಿಸಿಕೊಂಡರು. ಸಭೆಯಲ್ಲಿ ಎದ್ದು ನಿಲ್ಲುವ ಮೊದಲು ಮಾತನ್ನು ಒಳಗೇ ಹೆಣೆದುಕೊಂಡು ನೋಡಿದವರೆಲ್ಲರಿಗೂ ಈ ಅನುಭವ ಪರಿಚಿತ.

ಅಲ್ಲಾಹನ ವಚನದ ಸ್ವರೂಪದ ಕುರಿತು 9ನೇ ಶತಮಾನದಲ್ಲಿ ಎದ್ದ ಮಹಾ ವಿವಾದವು ಈ ಒಳಮಾತಿನ ಪ್ರಶ್ನೆಯನ್ನೂ ಮುನ್ನೆಲೆಗೆ ತಂದಿತು. 833ರಲ್ಲಿ ಖಲೀಫಾ ಮಅ್‌ಮೂನ್ ಆರಂಭಿಸಿದ ವಿಚಾರಣೆಗಳಲ್ಲಿ ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಅವರು ಸೆರೆವಾಸವನ್ನೂ ಮುಂದಿನ ಖಲೀಫನ ಕಾಲದಲ್ಲಿ ಚಾಟಿಯೇಟುಗಳನ್ನೂ ಸಹಿಸಿದರು. ಆ ಬಳಿಕ ಇಮಾಮ್ ಅಶ್‌ಅರಿ(ರ) ಅವರ ಪರಂಪರೆಯ ವಿದ್ವಾಂಸರು ಮಾತಿನ ತಿರುಳು ಮನಸ್ಸಿನಲ್ಲಿರುವ ಅರ್ಥವೆಂದೂ, ಅಕ್ಷರ ಮತ್ತು ದನಿಗಳು ಅದರ ಸೂಚಕಗಳೆಂದೂ ವಾದಿಸಿದರು. ಇದನ್ನು ‘ಕಲಾಮ್ ನಫ್ಸಿ’ ಎಂದರು. ಉಮರ್(ರ) ಅವರ ಆ ಮಾತನ್ನು ಅವರು ಪುರಾವೆಗಳಲ್ಲೊಂದಾಗಿ ಮಂಡಿಸಿದರು. ಹಂಬಲೀ ವಿದ್ವಾಂಸರು ಇದನ್ನು ವಿರೋಧಿಸಿ, ಅಕ್ಷರ ಮತ್ತು ದನಿಯಿಲ್ಲದೆ ಮಾತಿಲ್ಲ ಎಂದರು. ಆ ವಿವಾದದ ಒಳಹೊರಗು ಇಲ್ಲಿ ನಮ್ಮ ವಿಷಯವಲ್ಲ. ಮನುಷ್ಯನ ಒಳದನಿಯು ಎಂಥದ್ದು, ಅದನ್ನು ಮಾತೆನ್ನಬಹುದೇ ಎಂಬ ಪ್ರಶ್ನೆಯ ಸುತ್ತ ನಮ್ಮ ಪರಂಪರೆಯು ಸಾವಿರ ವರ್ಷಗಳಿಗೂ ಹಿಂದೆ ಇಷ್ಟು ಆಳವಾಗಿ ಚರ್ಚಿಸಿತ್ತು ಎಂಬುದಷ್ಟನ್ನು ನಾವು ನೆನಪಿಡೋಣ.

ಒಳಮಾತಿಗೆ ಶರೀಅತ್ ಕೊಟ್ಟ ರಿಯಾಯಿತಿಯನ್ನೂ ಮರೆಯಬಾರದು. ಸಮುದಾಯದವರ ಮನಸ್ಸು ತನ್ನೊಳಗೇ ಆಡಿಕೊಳ್ಳುವುದನ್ನು, ಅವರು ಅದನ್ನು ಬಾಯಿಬಿಟ್ಟು ಹೇಳುವ ಅಥವಾ ಕಾರ್ಯರೂಪಕ್ಕೆ ತರುವವರೆಗೆ, ಅಲ್ಲಾಹನು ಮನ್ನಿಸಿದ್ದಾನೆ ಎಂಬ ಆಶಯದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಇದರ ಆಧಾರದಲ್ಲೇ, ತಲಾಖ್‌ನ ಯೋಚನೆ ಮನಸ್ಸಿನಲ್ಲಿ ಹಾದುಹೋದ ಮಾತ್ರಕ್ಕೆ ತಲಾಖ್ ಸಂಭವಿಸುವುದಿಲ್ಲ ಎಂದು ಬಹುಸಂಖ್ಯಾತ ವಿದ್ವಾಂಸರು ತೀರ್ಪಿತ್ತರು. ಒಳದನಿಯ ಮೇಲೆ ಮನುಷ್ಯನಿಗೆ ಪೂರ್ಣ ಹಿಡಿತವಿಲ್ಲ ಎಂಬ ಸತ್ಯವನ್ನು ಈ ರಿಯಾಯಿತಿ ಗೌರವಿಸುತ್ತದೆ.

ಕಣ್ಣ ಮುಂದೆ ಬರುವ ಚಿತ್ರಗಳು

ದನಿಯಂತೆಯೇ ಚಿತ್ರವೂ. ಹನ್‌ಝಲ(ರ) ಎಂಬ ಸಹಾಬಿ ಒಮ್ಮೆ ಅಬೂಬಕರ್(ರ) ಅವರಲ್ಲಿ, ತಾನು ಕಪಟಿಯಾಗಿಬಿಟ್ಟೆ ಎಂದು ಅಲವತ್ತುಕೊಂಡರು. ಪ್ರವಾದಿಯವರ(ಸ) ಸನ್ನಿಧಿಯಲ್ಲಿ ಸ್ವರ್ಗ ನರಕಗಳ ವಿವರ ಕೇಳುವಾಗ ಅವನ್ನು ಕಣ್ಣಾರೆ ಕಂಡಂತಾಗುತ್ತದೆ. ಮನೆಗೆ ಮರಳಿ ಮಡದಿ, ಮಕ್ಕಳು, ಬದುಕಿನ ವ್ಯವಹಾರದಲ್ಲಿ ತೊಡಗಿದರೆ ಬಹಳಷ್ಟು ಮರೆತುಹೋಗುತ್ತದೆ ಎಂಬುದು ಅವರ ಅಳಲು. ನನಗೂ ಹಾಗೆಯೇ ಎಂದರು ಅಬೂಬಕರ್(ರ). ಇಬ್ಬರೂ ಪ್ರವಾದಿಯವರ(ಸ) ಬಳಿಗೆ ಹೋದರು. ಆ ಸ್ಥಿತಿಯಲ್ಲೇ ಸದಾ ಇರುತ್ತಿದ್ದರೆ ಮಲಕ್‌ಗಳು ನಿಮ್ಮ ಹಾಸಿಗೆಗಳಲ್ಲೂ ದಾರಿಗಳಲ್ಲೂ ನಿಮಗೆ ಹಸ್ತಲಾಘವ ನೀಡುತ್ತಿದ್ದರು, ಆದರೆ ಪ್ರತಿಯೊಂದಕ್ಕೂ ಅದರದೇ ಸಮಯವಿದೆ ಎಂಬರ್ಥದ ಸಾಂತ್ವನ ಅವರಿಗೆ ದೊರೆಯಿತು. ಮುಸ್ಲಿಮ್ ಗ್ರಂಥದಲ್ಲಿರುವ ಈ ಘಟನೆಯನ್ನು ನಾವು ಈಮಾನ್‌ನ ಏರಿಳಿತದ ಪಾಠವಾಗಿ ಕೇಳುತ್ತೇವೆ. ಮನಸ್ಸಿನ ಚಿತ್ರ ಮಸುಕಾಗುವುದು ಕಾಪಟ್ಯದ ಲಕ್ಷಣವಲ್ಲ ಎಂಬ ಪಾಠವೂ ಅದರೊಳಗಿದೆ.

ಈ ಚಿತ್ರಗಳು ಎಲ್ಲಿಂದ ಬರುತ್ತವೆ? ಇಬ್ನು ಸೀನಾ (980–1037) ತಮ್ಮ ‘ಶಿಫಾ’ ಗ್ರಂಥದ ಆತ್ಮವಿಚಾರದ ಭಾಗದಲ್ಲಿ ಹೊರಗಿನ ಪಂಚೇಂದ್ರಿಯಗಳಂತೆ ಒಳಗಿನ ಇಂದ್ರಿಯಗಳನ್ನೂ ವಿವರಿಸಿದರು. ಬೀಳುವ ಮಳೆಹನಿಯು ನಮಗೆ ನೇರ ಗೆರೆಯಾಗಿ ಕಾಣುತ್ತದೆ. ಕಣ್ಣು ಹನಿಯನ್ನು ಒಂದೊಂದು ಕ್ಷಣ ಒಂದೊಂದು ಜಾಗದಲ್ಲಷ್ಟೇ ಕಾಣುತ್ತದಾದ್ದರಿಂದ, ಅದನ್ನು ಗೆರೆಯಾಗಿ ಜೋಡಿಸುವ ಶಕ್ತಿಯೊಂದು ಒಳಗಿರಬೇಕು. ಇದನ್ನು ಅವರು ಸಮಾನ ಇಂದ್ರಿಯ ಎಂದರು. ಕಂಡುದನ್ನು ಕಾಪಿಡುವುದು ‘ಖಯಾಲ್’. ಕಾಪಿಟ್ಟ ರೂಪಗಳನ್ನು ಬಿಡಿಸಿ ಹೊಸದಾಗಿ ಜೋಡಿಸುವುದು ಇನ್ನೊಂದು ಶಕ್ತಿ. ತೋಳವನ್ನು ಕಂಡ ಕುರಿಗೆ ಅದರಲ್ಲಿರುವ ವೈರವನ್ನು ತಿಳಿಸುವುದು ‘ವಹ್ಮ್’. ಆ ತಿಳಿವನ್ನು ಉಳಿಸಿಕೊಳ್ಳುವುದು ಸ್ಮರಣಶಕ್ತಿ. ಇವುಗಳಿಗೆ ಮಿದುಳಿನ ಮುಂಭಾಗದಿಂದ ಹಿಂಭಾಗದವರೆಗೆ ಒಂದೊಂದು ಸ್ಥಾನವನ್ನೂ ಗುರುತಿಸಿದರು. ಆ ಸ್ಥಾನಗಳನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಕಾಣುವುದು, ಕಂಡುದನ್ನು ಉಳಿಸಿಕೊಳ್ಳುವುದು, ಅರ್ಥವನ್ನು ಗ್ರಹಿಸುವುದು ಬೇರೆ ಬೇರೆ ಶಕ್ತಿಗಳೆಂಬ ವಿಂಗಡಣೆ ಬಹಳ ಮುಖ್ಯವಾದುದು. ಬೇರೆ ಬೇರೆ ಶಕ್ತಿಗಳಾಗಿದ್ದರೆ, ಒಂದು ಕಡಿಮೆಯಿದ್ದಾಗ ಇನ್ನೊಂದು ಪುಷ್ಟವಾಗಿರಲು ಅಡ್ಡಿಯಿಲ್ಲ. ಈ ಗ್ರಂಥಭಾಗವು 12ನೇ ಶತಮಾನದಲ್ಲಿ ಸ್ಪೇನ್‌ನ ಟೊಲೆಡೊ ನಗರದಲ್ಲಿ ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪಿನ ವಿದ್ವಾಂಸರನ್ನೂ ತಲುಪಿತು.

ಇಮಾಮ್ ಗಝಾಲಿ(ರ) ಅವರು ‘ಇಹ್ಯಾ’ದಲ್ಲಿ ಕುರ್‌ಆನ್ ಪಾರಾಯಣದ ಶಿಷ್ಟಾಚಾರಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟು, ಅದರಲ್ಲಿ ಓದುಗನ ಅಂತರಂಗದ ಹತ್ತು ಕರ್ಮಗಳನ್ನು ವಿವರಿಸಿದ್ದಾರೆ. ವಚನದ ಹಿರಿಮೆಯನ್ನು ಅರಿಯುವುದು, ಹೃದಯದ ಉಪಸ್ಥಿತಿ, ಚಿಂತನೆ, ಗ್ರಹಿಕೆ, ಗ್ರಹಿಕೆಗಿರುವ ತಡೆಗಳ ನಿವಾರಣೆ, ಈ ಮಾತು ನನ್ನನ್ನೇ ಕುರಿತದ್ದು ಎಂಬ ಭಾವ, ಓದಿದ್ದರಿಂದ ಪ್ರಭಾವಿತನಾಗುವುದು ಮುಂತಾದವು ಆ ಹತ್ತರಲ್ಲಿವೆ. ಮನಸ್ಸಿನಲ್ಲಿ ದೃಶ್ಯಗಳನ್ನು ಬಿಡಿಸಿಕೊಳ್ಳುವುದು ಆ ಪಟ್ಟಿಯಲ್ಲಿ ಪ್ರತ್ಯೇಕ ಕರ್ಮವಾಗಿಲ್ಲ. ಗ್ರಹಿಕೆಗೆ ತಡೆಗಳಾವುವು ಎಂದು ಹೇಳುವಾಗ ಅವರು ಮೊದಲಿಗೆ ಎತ್ತಿಕೊಳ್ಳುವುದು, ಅಕ್ಷರ ಸರಿಯಾದ ಸ್ಥಾನದಿಂದ ಹೊರಟಿತೋ ಇಲ್ಲವೋ ಎಂಬ ಅನುಮಾನದಲ್ಲೇ ಮತ್ತೆ ಮತ್ತೆ ಸುತ್ತುವ ಮನಸ್ಸನ್ನು. ದನಿಯ ಶುದ್ಧಿ ಬೇಕು. ಆದರೆ ಗಮನವೆಲ್ಲ ದನಿಯಲ್ಲೇ ಕರಗಿಹೋದರೆ ಅರ್ಥ ಬಾಗಿಲ ಹೊರಗೇ ನಿಲ್ಲುತ್ತದೆ.

ಇಲ್ಲಿ ‘ಇಹ್ಸಾನ್’ನ ಹದೀಸ್ ನೆನಪಿಗೆ ಬರುವುದು ಸಹಜ. ಅಲ್ಲಾಹನನ್ನು ಕಾಣುತ್ತಿರುವೆಯೋ ಎಂಬಂತೆ ಆರಾಧಿಸು ಎಂಬುದು ಅದರ ಮೊದಲ ಭಾಗದ ಸಾರ. ಇದನ್ನು ಕೇಳಿ ಮನಸ್ಸಿನಲ್ಲಿ ಏನನ್ನಾದರೂ ಚಿತ್ರಿಸಿಕೊಳ್ಳಬೇಕೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಅಲ್ಲಾಹನಿಗೆ ಹೋಲಿಕೆಯೇ ಇಲ್ಲವೆಂದು ಕುರ್‌ಆನ್ ‘ಅಶ್ಶೂರಾ’ ಅಧ್ಯಾಯದ 11ನೇ ಸೂಕ್ತದಲ್ಲಿ ಸಾರಿರುವಾಗ ಅವನ ಚಿತ್ರ ಯಾವ ಮನಸ್ಸಿಗೂ ದಕ್ಕುವಂಥದ್ದಲ್ಲ. ಹದೀಸ್‌ನ ಎರಡನೆಯ ಭಾಗವು, ನೀನು ಅವನನ್ನು ಕಾಣದಿದ್ದರೂ ಅವನು ನಿನ್ನನ್ನು ಕಾಣುತ್ತಿದ್ದಾನೆ ಎಂದು ನೆನಪಿಸುತ್ತದೆ. ಈ ಅರಿವಿಗೆ ಒಳಗಣ್ಣಿನ ಚಿತ್ರ ಬೇಕಿಲ್ಲ. ಕಣ್ಣು ಮುಚ್ಚಿದರೆ ಬರಿಯ ಕತ್ತಲನ್ನು ಕಾಣುವವನಿಗೂ ಅದು ಸಂಪೂರ್ಣವಾಗಿ ಸಾಧ್ಯ.

ಮನಶ್ಶಾಸ್ತ್ರ ಕಂಡುಕೊಂಡದ್ದು

ಚಿತ್ರವಿಲ್ಲದೆ ಆತ್ಮವು ಎಂದೂ ಚಿಂತಿಸದು ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದನು. ಈ ಮಾತಿಗೆ ದೊಡ್ಡ ಪೆಟ್ಟು ಬಿದ್ದದ್ದು 1880ರಲ್ಲಿ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಆ ದಿನ ಬೆಳಿಗ್ಗೆ ಕುಳಿತ ಉಪಾಹಾರದ ಮೇಜನ್ನು ನೆನಪಿಸಿಕೊಳ್ಳಿ, ಆ ಚಿತ್ರ ಎಷ್ಟು ಬೆಳಗಾಗಿದೆ, ಎಷ್ಟು ಸ್ಪಷ್ಟವಾಗಿದೆ, ಬಣ್ಣಗಳಿವೆಯೇ ಎಂಬವು ಅದರ ಪ್ರಶ್ನೆಗಳು. ಮೊದಲು ಕೇಳಿದ್ದು ವಿಜ್ಞಾನಿ ಮಿತ್ರರನ್ನು. ಅವರಲ್ಲಿ ಬಹುಪಾಲು ಮಂದಿ ಅಂಥ ಚಿತ್ರವೆಂಬುದು ತಮಗೆ ಗೊತ್ತೇ ಇಲ್ಲವೆಂದರು. ‘ಮನಸ್ಸಿನ ಕಣ್ಣು’ ಎಂಬುದು ಬರಿಯ ಅಲಂಕಾರದ ಮಾತೆಂದು ಭಾವಿಸಿದ್ದರು. ಸಾಮಾನ್ಯ ಜನರನ್ನು ಕೇಳಿದಾಗ, ಚಿತ್ರ ಬಹಳ ಸ್ಪಷ್ಟವಾಗಿದೆ, ಇದರಲ್ಲಿ ಸಂಶಯವೇಕೆ ಎಂದು ಅನೇಕರು ಆಶ್ಚರ್ಯಪಟ್ಟರು. ಎರಡೂ ಪಕ್ಷದವರು ಇನ್ನೊಂದು ಪಕ್ಷ ಇರಬಹುದೆಂದು ಊಹಿಸಿಯೂ ಇರಲಿಲ್ಲ. ಮನುಕುಲವನ್ನು ಮೇಲು ಕೀಳೆಂದು ವಿಂಗಡಿಸಿದ ಗಾಲ್ಟನ್‌ರ ಇತರ ವಿಚಾರಗಳು ತಿರಸ್ಕಾರಯೋಗ್ಯ. ಆದರೆ ಈ ಪ್ರಶ್ನಾವಳಿಯಿಂದ ಹೊರಬಿದ್ದ ಸತ್ಯ ಉಳಿದುಕೊಂಡಿತು.

ಅದನ್ನು ಜಗತ್ತು ಬಹುಕಾಲ ಮರೆತೇ ಇತ್ತು. ಹೃದಯದ ಚಿಕಿತ್ಸೆಯೊಂದರ ಬಳಿಕ ಮನಸ್ಸಿನ ಚಿತ್ರಗಳನ್ನೆಲ್ಲ ಕಳೆದುಕೊಂಡ ಒಬ್ಬ ವ್ಯಕ್ತಿಯ ಕುರಿತು ಬ್ರಿಟನ್ನಿನ ನರರೋಗ ತಜ್ಞ ಆ್ಯಡಂ ಝೀಮನ್ ಮತ್ತು ಸಂಗಡಿಗರು 2010ರಲ್ಲಿ ಬರೆದರು. ಅದರ ಸುದ್ದಿ ಓದಿದ ಕೆಲವರು, ತಮಗೆ ಹುಟ್ಟಿನಿಂದಲೇ ಹೀಗಿದೆ ಎಂದು ಅವರನ್ನು ಸಂಪರ್ಕಿಸಿದರು. ಅಂಥ 21 ಮಂದಿಯ ಅನುಭವವನ್ನು ಆಧರಿಸಿ 2015ರಲ್ಲಿ ಝೀಮನ್ ಅವರು ಈ ಸ್ಥಿತಿಗೆ ‘ಅಫ್ಯಾಂಟೇಸಿಯಾ’ ಎಂದು ಹೆಸರಿಟ್ಟರು. ಕಲ್ಪನೆಗೆ ಅರಿಸ್ಟಾಟಲ್ ಬಳಸಿದ ‘ಫ್ಯಾಂಟೇಸಿಯಾ’ ಎಂಬ ಪದಕ್ಕೆ ನಿಷೇಧದ ಅಕ್ಷರ ಸೇರಿಸಿ ಮಾಡಿದ ಪದವಿದು. ಇದೇ ಗ್ರೀಕ್ ಪದ ಅರಬಿಗೆ ‘ಬಂತಾಸಿಯಾ’ ಎಂಬ ರೂಪದಲ್ಲಿ ಬಂದಿತ್ತು, ಇಬ್ನು ಸೀನಾ ತಮ್ಮ ಸಮಾನ ಇಂದ್ರಿಯಕ್ಕೆ ಅದನ್ನು ಬಳಸಿದ್ದರು ಎಂಬುದು ಚರಿತ್ರೆಯ ಒಂದು ಸೊಗಸು. ಅಫ್ಯಾಂಟೇಸಿಯಾ ಇರುವವರು ಓದಬಲ್ಲರು, ನೆನಪಿಡಬಲ್ಲರು, ಸೃಜನಶೀಲರೂ ಆಗಬಲ್ಲರು. ಗಣಕಯಂತ್ರದಿಂದ ಆ್ಯನಿಮೇಷನ್ ಚಿತ್ರಗಳನ್ನು ತಯಾರಿಸಿ ಜಗತ್ಪ್ರಸಿದ್ಧವಾದ ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಎಡ್ ಕ್ಯಾಟ್ಮಲ್, ತಮ್ಮ ಮನಸ್ಸಿನಲ್ಲಿ ಚಿತ್ರಗಳೇ ಮೂಡುವುದಿಲ್ಲವೆಂದು ಬಹಿರಂಗವಾಗಿ ಹೇಳಿದ್ದಾರೆ.

ಒಳದನಿಯ ಕಥೆಯೂ ಇಂಥದ್ದೇ. ಮೌನವಾಗಿ ಓದುವಾಗಲೂ ಹೆಚ್ಚಿನವರೊಳಗೆ ಮಾತಿನಂಥದ್ದೊಂದು ನಡೆಯುತ್ತದೆ ಎಂಬುದನ್ನು ಅಮೆರಿಕದ ಎಡ್ಮಂಡ್ ಹ್ಯೂಯಿ 1908ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಆ ದನಿ ಎಲ್ಲಿಂದ ಬಂತು ಎಂಬುದಕ್ಕೆ ರಷ್ಯಾದ ಲೆವ್ ವಿಗೋಟ್‌ಸ್ಕಿ ಅವರ 1934ರ ಕೃತಿಯಲ್ಲಿ ಒಂದು ಉತ್ತರವಿದೆ. ಮಗು ಮೊದಲು ಹಿರಿಯರೊಂದಿಗೆ ಮಾತನಾಡುತ್ತದೆ. ಆಟವಾಡುತ್ತಾ ತನ್ನಷ್ಟಕ್ಕೆ ಗಟ್ಟಿಯಾಗಿ ಮಾತನಾಡಿಕೊಳ್ಳುತ್ತದೆ. ಬೆಳೆದಂತೆ ಆ ಮಾತು ಒಳಕ್ಕೆ ಇಳಿದು ಚಿಂತನೆಯ ಭಾಗವಾಗುತ್ತದೆ. ನಮ್ಮ ಒಳದನಿ ಒಂದು ಕಾಲದಲ್ಲಿ ಇತರರೊಡನೆ ಆಡಿದ ಹೊರದನಿಯಾಗಿತ್ತು. ಆದರೆ ಈ ದನಿಯೂ ಎಲ್ಲರಲ್ಲಿ ಒಂದೇ ಪ್ರಮಾಣದಲ್ಲಿಲ್ಲ. ಒಳದನಿ ತೀರಾ ಕಡಿಮೆಯಿರುವವರನ್ನು ಅಧ್ಯಯನ ಮಾಡಿ ಯೋಹಾನ್ನ ನೆಡೆರ್‌ಗಾರ್ಡ್ ಮತ್ತು ಗ್ಯಾರಿ ಲುಪ್ಯಾನ್ 2024ರಲ್ಲಿ ವರದಿ ಪ್ರಕಟಿಸಿದರು. ಪದಗಳನ್ನು ನೆನಪಿಡುವುದು, ಪ್ರಾಸ ಹೊಂದುವುದೇ ಎಂದು ಹೇಳುವುದು ಇಂಥವರಿಗೆ ಸ್ವಲ್ಪ ಕಷ್ಟವಾಯಿತು. ಪರೀಕ್ಷಿಸಿದ ಬೇರೆ ಕೆಲವು ಕೆಲಸಗಳಲ್ಲಿ ವ್ಯತ್ಯಾಸ ಕಂಡುಬರಲಿಲ್ಲ.

ನಮ್ಮ ಮನೆಗಳಿಗೆ

ಈ ಎರಡು ಚರಿತ್ರೆಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಮನುಷ್ಯರ ಒಳಗು ಭಿನ್ನವೆಂದು ಪ್ರಶ್ನಾವಳಿಗಳ ಮೂಲಕ ಗೊತ್ತಾದದ್ದು 19ನೇ ಶತಮಾನದಲ್ಲಿ. ಅದಕ್ಕೆ ಎಷ್ಟೋ ಮೊದಲೇ ನಮ್ಮ ಕರ್ಮಶಾಸ್ತ್ರಜ್ಞರು ಓದುಗನ ಹೊಣೆಯನ್ನು ಎಲ್ಲರ ಕೈಗೆಟಕುವ ಜಾಗದಲ್ಲಿ ಇರಿಸಿದ್ದರು. ನಾಲಿಗೆ ಅಲುಗಲಿ, ಸಾಧ್ಯವಿದ್ದರೆ ಕಿವಿಗೆ ಕೇಳಿಸಲಿ, ಹೃದಯ ಉಪಸ್ಥಿತವಾಗಿರಲಿ. ಒಳಗೆ ಎಂಥ ದನಿ ಮೊಳಗಬೇಕು, ಎಂಥ ಚಿತ್ರ ಮೂಡಬೇಕು ಎಂದು ಅವರು ಅಳತೆಗೋಲು ಹಿಡಿಯಲಿಲ್ಲ.

ಹಾಗಾದರೆ ನಾವೇಕೆ ಹಿಡಿಯಬೇಕು? ಮನೆಯಲ್ಲಿ ಬ್ಯಾರಿ, ನವಾಯತಿ ಅಥವಾ ದಖನಿ ಉರ್ದು ಆಡುವ, ಮದ್ರಸದಲ್ಲಿ ಅರಬಿ ಓದುವ, ಶಾಲೆಯಲ್ಲಿ ಕನ್ನಡ ಕಲಿಯುವ ನಮ್ಮ ಮಕ್ಕಳ ಒಳದನಿ ಮೂರು ಭಾಷೆಗಳ ನಡುವೆ ಓಡಾಡುತ್ತಿರುತ್ತದೆ. ಓದುವಾಗ ತುಟಿ ಅಲುಗಿಸುವ ಮಗುವಿನ ದನಿ ಇನ್ನೂ ಒಳಗಿಳಿಯುವ ಹಾದಿಯಲ್ಲಿದೆ. ಅದಕ್ಕೆ ಬೇಕಿರುವುದು ನಮ್ಮ ಸಹನೆ. ಹಿಫ್ಝ್ ಮಾಡುವವರಿಗೆ ಒಂದೇ ಮುದ್ರಣದ ಮುಸ್‌ಹಫನ್ನು ಬಳಸುವಂತೆ ಉಸ್ತಾದರು ಸಲಹೆ ನೀಡುವುದುಂಟು. ಆಯತ್ ಪುಟದ ಯಾವ ಮೂಲೆಯಲ್ಲಿದೆ ಎಂಬ ಚಿತ್ರವೇ ಕೆಲವರಿಗೆ ನೆನಪಿನ ಆಧಾರ. ಪುಟವನ್ನೇ ಕಾಣದ ಅಂಧ ಹಾಫಿಝ್‌ಗಳು ಕೇಳಿ ಕೇಳಿಯೇ ಸಂಪೂರ್ಣ ಕುರ್‌ಆನನ್ನು ಹೃದಯದಲ್ಲಿಟ್ಟುಕೊಂಡಿದ್ದಾರೆ. ದಾರಿ ಎರಡಾದರೂ ತಲುಪಿದ ಜಾಗ ಒಂದೇ. ಒಂದು ದಾರಿಯಲ್ಲಿ ಮಗು ಎಡವುತ್ತಿದ್ದರೆ ಇನ್ನೊಂದನ್ನು ತೋರಿಸಿಕೊಡುವುದು ಹಿರಿಯರ ಕೆಲಸ. ಕಥೆ ಓದಿಸಿದ ಬಳಿಕ “ಏನು ಕಂಡಿತು?” ಎಂದಷ್ಟೇ ಕೇಳದೆ “ಏನು ತಿಳಿಯಿತು?” ಎಂದೂ ಕೇಳೋಣ.

ಕುರ್‌ಆನ್‌ನ ಅನುವಾದವನ್ನು ಕನ್ನಡದಲ್ಲಿ ಓದುವಾಗ ಯಾರಿಗಾದರೂ ಫಿರ್‌ಔನನ ಸೇನೆಯೂ ಸೀಳಿದ ಸಮುದ್ರವೂ ಕಣ್ಣಿಗೆ ಕಟ್ಟಿದರೆ ಅದು ಅವರಿಗೆ ದೊರೆತ ಅನುಗ್ರಹ. ಕಟ್ಟದಿದ್ದರೆ ಅದು ಶಿಕ್ಷೆಯಲ್ಲ. ಓದಿದ್ದು ನಮ್ಮ ನಡೆಯಲ್ಲಿ, ವ್ಯವಹಾರದಲ್ಲಿ, ಮನೆಯವರೊಡನೆ ಆಡುವ ಮಾತಿನಲ್ಲಿ ಕಾಣಿಸಿಕೊಂಡಿತೇ ಎಂಬ ಪ್ರಶ್ನೆಗೆ ಈ ಇಬ್ಬರೂ ಸಮಾನವಾಗಿ ಉತ್ತರ ಕೊಡಬೇಕಾಗಿದೆ. ನಾಲಿಗೆಯ ಓದನ್ನು ಹೃದಯಕ್ಕೆ ತಲುಪಿಸಿಕೊಳ್ಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.